ಗೋಡೆಗೊಂದು ಹೆಸರು

ಖಾಲಿ ಗೋಡೆ ಕಂಡರೆ ನಮ್ಮವರಿಗೆ ಕೈ ತುರಿಸುತ್ತದೆ. ಬೀಗದ ಕೀಲಿಯೋ, ಬಾಟಲಿಯ ಮುಚ್ಚಳವೋ, ಸಿಕ್ಕಿದ್ದರಲ್ಲಿ ಹೆಸರು ಗೀರಿಬಿಡಬೇಕು. ಮುಂಬಯಿಯ ಬೋರಿವಲಿಯಲ್ಲಿರುವ ಕನ್ಹೇರಿಯ ಪುರಾತನ ಬೌದ್ಧ ಗುಹೆಗಳದ್ದು ಗಟ್ಟಿ ಕರಿಕಲ್ಲು. ಅದರ ಮೇಲೆ ಒಂದೊಂದು ಅಕ್ಷರಕ್ಕೂ ಪಟ್ಟ ಶ್ರಮ ನೋಡಿದರೆ, ಪರೀಕ್ಷೆಯಲ್ಲಿ ಇಷ್ಟು ಬರೆದಿದ್ದರೆ ಪಾಸಾಗುತ್ತಿದ್ದರಲ್ಲ ಅನ್ನಿಸುತ್ತದೆ.

ಸರ್ಕಾರವೇನೂ ಸುಮ್ನೆ ಕೂತಿಲ್ಲ. ಸ್ಮಾರಕ ಕೆಡಿಸಿದವರಿಗೆ 1958ರ ಕಾಯ್ದೆಯಲ್ಲಿ ಹೆಚ್ಚೆಂದರೆ ಮೂರು ತಿಂಗಳ ಜೈಲು, 5,000 ರೂಪಾಯಿ ದಂಡ ಇತ್ತು. 2010ರಲ್ಲಿ ಅದನ್ನು ಎರಡು ವರ್ಷಕ್ಕೂ ಒಂದು ಲಕ್ಷಕ್ಕೂ ಏರಿಸಿದರು. ಆದರೆ ಪುರಾತತ್ವ ಇಲಾಖೆಯ ಬೋರ್ಡನ್ನು ಓದುವವರು ಯಾರು? ಅದಕ್ಕೇ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಪ್ರಕಾರ ಆ ಒಂದು ಲಕ್ಷಕ್ಕಿಂತ ವಾಚ್‌ಮನ್ನನ ಸೀಟಿಗೇ ಜನ ಜಾಸ್ತಿ ಹೆದರುತ್ತಾರೆ. ಏನು ಮಾಡುವುದು, ಗುಹೆಗಳು ನೂರಕ್ಕೂ ಮೇಲಿವೆ, ಗುಡ್ಡದ ತುಂಬ ಹರಡಿವೆ. ಇಲ್ಲಿ ಸೀಟಿ ಊದಿದರೆ ಅಲ್ಲಿ ಕೀಲಿ ಹೊರಬರುತ್ತದೆ. ಬಣ್ಣದಲ್ಲಿ ಬರೆದದ್ದನ್ನಾದರೂ ತೊಳೆದು ತೆಗೆಯಬಹುದು. ಗೀರಿದ್ದನ್ನು ಅಳಿಸಬೇಕಾದರೆ ಕಲ್ಲನ್ನೇ ಉಜ್ಜಬೇಕು, ಆಗ ಪಕ್ಕದಲ್ಲಿದ್ದ ಹಳೆಯ ಉಳಿಯ ಗುರುತೂ ಹೋಗುತ್ತದೆ.

ತಮಾಷೆ ಏನು ಗೊತ್ತಾ? ಇಲ್ಲಿನ 90ನೇ ಗುಹೆಗೆ 1009ರಲ್ಲಿ, ಮತ್ತೆ 1021ರಲ್ಲಿ ಪಾರ್ಸಿಗಳು ಬಂದಿದ್ದರು. ಪಹ್ಲವಿ ಎಂಬ ಹಳೆಯ ಪರ್ಷಿಯನ್ ಲಿಪಿಯಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ, ತಾರೀಖು ಸಮೇತ! ಅವರೂ ನಮ್ಮ ಹಾಗೆ ನೋಡಲು ಬಂದವರೇ. ಈಗ ಅದು ಶಾಸನ. ವಿದ್ವಾಂಸರು ಕೂತು ಓದುತ್ತಾರೆ, ಅದರ ಮೇಲೆ ನೀವು ಗೀರಿದರೆ ನಿಮಗೆ ಜೈಲು. ಕಾಯ್ದೆಯ ಲೆಕ್ಕದಲ್ಲಿ ನೂರು ವರ್ಷ ಆದದ್ದು ಪ್ರಾಚೀನ. ಹಾಗಾದರೆ ಮೊನ್ನೆ ಬಾಣ ಚುಚ್ಚಿದ ಹೃದಯ ಬಿಡಿಸಿದವನು ಒಂದು ಶತಮಾನ ತಡೆದುಕೊಂಡರೆ ಸಾಕು, ಅಲ್ವಾ? ವಾಚ್‌ಮನ್ ಎದುರು ಈ ವಾದ ಹೂಡುವ ಧೈರ್ಯ ನನಗಿಲ್ಲ. ಆ ಪಾರ್ಸಿಗಳ ಮೇಲೆ ಸಿಟ್ಟೂ ಬರುವುದಿಲ್ಲ. ಅವರು ಕೆಲವೇ ಜನ. ನಮ್ಮ ಒಂದು ಭಾನುವಾರದ ಗುಂಪು ಮನಸ್ಸು ಮಾಡಿದರೆ ಇಡೀ ಗುಡ್ಡ ಸಾಲದು.

ಒಮ್ಮೆ ಊರಿಂದ ಬಂದ ಭಾವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ನೀರಿನ ತೊಟ್ಟಿಯ ಪಕ್ಕ ಕನ್ನಡದಲ್ಲಿ ಒಂದು ಹೆಸರು! ಮುಂಬಯಿಯಲ್ಲಿ ಕನ್ನಡ ಅಕ್ಷರ ಕಂಡರೆ, ಅದು ಹೋಟೆಲಿನ ಬೋರ್ಡಾದರೂ ಸರಿ, ನಮ್ಮ ಮುಖ ಅರಳುತ್ತದೆ. ಇಲ್ಲೂ ಅರಳಿತು, ಮರುಕ್ಷಣವೇ ನಾಚಿಕೆಯಾಯಿತು. ಯಾರಾದರೂ ಮರಾಠಿಯವರು ಓದಿಬಿಟ್ಟಾರೆಂದು ಅಡ್ಡ ನಿಂತೆ. ಅವರಿಗೆ ಓದಲು ಬರುವುದಿಲ್ಲ ಎಂಬುದು ಹೊಳೆಯಲೇ ಇಲ್ಲ. ಭಾವ ಮಾತ್ರ ಕನ್ನಡಕ ಏರಿಸಿ ನಿಧಾನಕ್ಕೆ ನೋಡಿದರು.

“ಅಕ್ಷರ ದುಂಡಗಿದೆ ಮಾರಾಯ. ಮೇಷ್ಟ್ರು ಚೆನ್ನಾಗಿ ತಿದ್ದಿಸಿದ್ದಾರೆ.”