ಡಿಸ್‌ಪ್ಲೇ ಇರೋದಾ, ಇಲ್ಲದ್ದಾ?

ಚಿತ್ರದುರ್ಗದಲ್ಲಿ ಮೆಟಲ್ ಡಿಟೆಕ್ಟರ್ ತಗೋಬೇಕು ಅಂತ ಬಾಯಿ ಬಿಟ್ಟರೆ ಮುಗಿಯಿತು. ಕೇಳಿದವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಬೆಟ್ಟದ ಕಡೆ ನೋಡುತ್ತಾರೆ. "ಯಾವ ಕಡೆ?" ಅಂತ ದನಿ ತಗ್ಗಿಸಿ ಕೇಳುತ್ತಾರೆ. ಏಳು ಸುತ್ತಿನ ಕೋಟೆ ಕಣ್ಣೆದುರೇ ಇರುವ ಊರು ಇದು. 1779ರಲ್ಲಿ ಹೈದರಾಲಿ ಕೋಟೆ ಹಿಡಿದಾಗ ಮದಕರಿ ನಾಯಕರು ಹೂತಿಟ್ಟ ಕೊಪ್ಪರಿಗೆ ಇನ್ನೂ ಎಲ್ಲೋ ಇದೆ ಅಂತ ಅರ್ಧ ಊರು ನಂಬಿದೆ. ಉಳಿದರ್ಧಕ್ಕೆ ಅದು ಇರುವ ಜಾಗವೇ ಗೊತ್ತು.

ನನ್ನ ಭಾಮೈದನಿಗೆ ಬೇಕಾಗಿದ್ದು ಕೊಪ್ಪರಿಗೆ ಅಲ್ಲ. ಚಳ್ಳಕೆರೆ ಹತ್ತಿರ ಅವನದು ಶೇಂಗಾ, ಈರುಳ್ಳಿ ಹೊಲ. ಕಳೆ ತೆಗೆಯಲು ಬಂದವರ ಕಾಲುಂಗುರ, ರೋಟವೇಟರಿನ ಬೋಲ್ಟು, ಟ್ರ್ಯಾಕ್ಟರ್ ಪಿನ್ನು, ಹೀಗೆ ಹೊಲ ವರ್ಷಪೂರ್ತಿ ಏನಾದರೂ ನುಂಗುತ್ತಲೇ ಇರುತ್ತದೆ. ಹುಡುಕುವುದು ಶುರುವಿನಲ್ಲಿ ಕೆಲಸವಾಗಿತ್ತು, ಬರುಬರುತ್ತಾ ಹವ್ಯಾಸವಾಯಿತು. ಈಗ ಅವನ ತಲೆ ತುಂಬ ಒಂದೇ ಪ್ರಶ್ನೆ. ನಂಬರ್ ತೋರಿಸುವ ಡಿಸ್‌ಪ್ಲೇ ಇರುವ ಮಿಷನ್ ಒಳ್ಳೆಯದಾ, ಬರೀ ಕೀಂಯ್ ಅನ್ನುವ ಮಿಷನ್ ಒಳ್ಳೆಯದಾ?

"ಡಿಸ್‌ಪ್ಲೇ ಇಲ್ಲದ್ದು ತಗಂಡು ಏನ್ ಮಾಡಾದು ಭಾವ? ಒಳಗೇನೈತೆ ಅಂತ ಗೊತ್ತಾಗಬೇಕಲ್ಲ?" ಅನ್ನುವುದು ಅವನ ವಾದ.

ಗೊತ್ತಾಗುತ್ತದೆಯೇ ಅನ್ನುವುದು ನನ್ನ ವಾದ. ಈ ಮಿಷನ್ನಿನ ಕೋಲಿನ ತುದಿಯಲ್ಲಿ ಒಂದು ದುಂಡನೆಯ ತಟ್ಟೆ ಇರುತ್ತದಲ್ಲ, ಅದರೊಳಗೆ ತಂತಿಯ ಎರಡು ಸುರುಳಿ ಇರುತ್ತವೆ. ಒಂದು ಸುರುಳಿ ನೆಲಕ್ಕೆ ಕಾಂತಕ್ಷೇತ್ರವನ್ನು ಬಿಡುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ಕರೆಂಟು ಹುಟ್ಟಿ, ಅದು ತನ್ನದೇ ಒಂದು ಉತ್ತರವನ್ನು ವಾಪಸ್ಸು ಕಳಿಸುತ್ತದೆ. ಆ ಉತ್ತರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಉತ್ತರ ಒಂಚೂರು ತಡವಾಗಿ ಬರುತ್ತದೆ, ಆ ತಡ ಲೋಹದಿಂದ ಲೋಹಕ್ಕೆ ಬೇರೆ. ಡಿಸ್‌ಪ್ಲೇ ಮಾಡುವುದು ಇಷ್ಟೇ, ಆ ತಡವನ್ನು ಒಂದು ನಂಬರ್ ಮಾಡಿ ತೋರಿಸುತ್ತದೆ. ಬಹಳಷ್ಟು ಮಿಷನ್‌ಗಳಲ್ಲಿ ಅದು 0ಯಿಂದ 99ರವರೆಗೆ. ಕೆಳಗಡೆ ಕಬ್ಬಿಣ, ಮೇಲ್ಗಡೆ ತಾಮ್ರ, ಬೆಳ್ಳಿ. ನಡುವೆ ಇರುವುದು ಮಾತ್ರ ಸಂತೆ. ಚಿನ್ನದ ಸಣ್ಣ ಉಂಗುರವೂ ಅಲ್ಲೇ, ಮಾತ್ರೆಯ ಖಾಲಿ ಸ್ಟ್ರಿಪ್ಪೂ ಅಲ್ಲೇ. ಬದುವಿನ ಮೇಲೆ ಕುಡಿದು ಬಿಸಾಡಿದ ಟೆಟ್ರಾ ಪ್ಯಾಕಿನೊಳಗೂ ಅಲ್ಯೂಮಿನಿಯಂ ಹಾಳೆ ಇರುತ್ತದೆ, ಅದಕ್ಕೂ ಮಿಷನ್ ಖುಷಿಯಿಂದ ಕೂಗುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಬೇಕೆಂದರೆ ಉಂಗುರವನ್ನೂ ಬಿಟ್ಟು ಹೋಗಬೇಕು. ನಂಬರ್ ಅಂದರೆ ಲೋಹದ ಹೆಸರಲ್ಲ, ಒಂದು ಅಂದಾಜು.

ಅದೂ ಯಾರ ಊರಿನ ಅಂದಾಜು? ಅಮೆರಿಕದ ಕೆಲವು ಮಿಷನ್‌ಗಳ ಪರದೆಯ ಮೇಲೆ 5 ಸೆಂಟು, 10 ಸೆಂಟು, 25 ಸೆಂಟು ಅಂತ ಅಚ್ಚಾಗಿರುತ್ತದೆ. ನಮ್ಮ ನಾಕಾಣೆ, ಎಂಟಾಣೆ ಅದಕ್ಕೆ ಎಲ್ಲಿ ಗೊತ್ತು? ಇನ್ನೊಂದು ತಮಾಷೆ ಇದೆ. 1992ರಿಂದ ಬಂದ ನಮ್ಮ ಸಣ್ಣ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನದು, ಅಯಸ್ಕಾಂತಕ್ಕೆ ಅಂಟುವ ಜಾತಿಯದು. ಮೊಳೆಗಳ ಕಾಟ ಬೇಡ ಅಂತ ಕಬ್ಬಿಣದ ಸದ್ದನ್ನು ಬಂದ್ ಮಾಡಿಟ್ಟುಕೊಂಡರೆ ಮಿಷನ್ ನಮ್ಮ ರೂಪಾಯಿಯನ್ನೂ ಮೊಳೆ ಅಂದುಕೊಂಡು ಸುಮ್ನೆ ಇದ್ದುಬಿಡಬಹುದು. ಅಜ್ಜಿಯರು ತೂತು ಕಾಸು ಅನ್ನುತ್ತಿದ್ದ, ನಡುವೆ ತೂತಿರುವ 1943ರ ಕಂಚಿನ ಬಿಲ್ಲೆಗೆ ಮಾತ್ರ ಚೆನ್ನಾಗಿ ಕೂಗುತ್ತದೆ.

ಇನ್ನು ನಮ್ಮ ನೆಲ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಕಬ್ಬಿಣದ ಅದಿರು ತೆಗೆಯುತ್ತಾರೆ. ಇಂಗಳದಾಳ್ ಹತ್ತಿರ ತಾಮ್ರದ ಗಣಿಯೇ ಇತ್ತು. ಇಂಥ ಸೀಮೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಆದ್ದರಿಂದ ಮಣ್ಣೇ ಮಿಷನ್ನಿಗೆ ಉತ್ತರ ಕೊಡುತ್ತದೆ. ಮೊದಲು ಮಿಷನ್ನಿಗೆ ನೆಲದ ಪರಿಚಯ ಮಾಡಿಸಬೇಕು, ಗ್ರೌಂಡ್ ಬ್ಯಾಲೆನ್ಸ್ ಅಂತಾರೆ. ಮಸಾರಿಯ ಕೆಂಪು ಮಣ್ಣಿನಲ್ಲಿ ಮಾಡಿಸಿದ್ದು ಕಪ್ಪು ಎರೆ ಹೊಲಕ್ಕೆ ಕಾಲಿಟ್ಟ ಕೂಡಲೇ ಹೊಂದಲ್ಲ, ಮತ್ತೆ ಮಾಡಿಸಬೇಕು. ಎಷ್ಟೇ ಮಾಡಿಸಿದರೂ ವಸ್ತು ಆಳದಲ್ಲಿದ್ದಷ್ಟೂ ನಂಬರ್ ಓಲಾಡುತ್ತದೆ. ಮೇಲೇ ಬಿದ್ದಿದ್ದರೆ ಬೆಳ್ಳಿ ಬೆಳ್ಳಿಯ ನಂಬರನ್ನೇ ತೋರಿಸುತ್ತದೆ. ಒಂದು ಗೇಣು ಕೆಳಗಿದ್ದರೆ ಅದೇ ಬೆಳ್ಳಿ ಕಬ್ಬಿಣದ ಕಡೆ ಜಾರುತ್ತದೆ. ನಾಣ್ಯದಷ್ಟು ದೊಡ್ಡ ವಸ್ತುವಿಗೆ ಸಾಧಾರಣ ಮಿಷನ್ನಿನ ಕೈಗೆಟಕುವುದೂ ಹೆಚ್ಚು ಕಡಿಮೆ ಒಂದು ಗೇಣೇ. ಇದನ್ನು ಹೇಳಿದರೆ ಕೊಪ್ಪರಿಗೆಯವರಿಗೆ ಬೇಜಾರಾಗುತ್ತದೆ.

ಡಿಸ್‌ಪ್ಲೇ ಇಲ್ಲದ ಮಿಷನ್ನಿನಲ್ಲಿ ಎರಡೋ ಮೂರೋ ನಾಬ್, ಒಂದು ಹೆಡ್‌ಫೋನ್, ಅಷ್ಟೇ. ಅಂಥದ್ದನ್ನು ಹಿಡಿದು ಪಳಗಿದವರ ಕೈ ನೋಡಬೇಕು. ಸದ್ದು ಬಂದ ಜಾಗದಲ್ಲಿ ತಟ್ಟೆಯನ್ನು ಅಡ್ಡ ಆಡಿಸುತ್ತಾರೆ, ಆಮೇಲೆ ಉದ್ದಕ್ಕೆ. ಹೋಗುವಾಗಲೂ ಬರುವಾಗಲೂ ಸದ್ದು ಒಂದೇ ಕಡೆ, ಒಂದೇ ಥರ ಬಂದರೆ ತಲೆ ಆಡಿಸುತ್ತಾರೆ. ಒಂದು ಸಲ ಬಂದು ಇನ್ನೊಂದು ಸಲ ಹರಿದು ಚೂರಾದರೆ ಮೊಳೆ ಅಂತ ಅಂದಾಜು. ಆಮೇಲೆ ಹೆಬ್ಬೆರಳಿನಿಂದ ನಾಬನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಅದೇ ಜಾಗದ ಮೇಲೆ ತಟ್ಟೆ ಆಡಿಸುತ್ತಾರೆ. ನಾಬ್ ಮೇಲೇರಿದಂತೆ ಮೊದಲು ಕಬ್ಬಿಣದ ಸದ್ದು ಸಾಯುತ್ತದೆ. ಇನ್ನಷ್ಟು ತಿರುಗಿಸಿದರೆ ತೆಳು ಹಾಳೆಗಳದ್ದು. ಸದ್ದು ಯಾವ ಗೆರೆಯಲ್ಲಿ ಕತ್ತರಿಸಿತು ಅನ್ನುವುದರ ಮೇಲೆ ಕೆಳಗಿರುವುದು ಏನಿರಬಹುದು ಅಂತ ಲೆಕ್ಕ. ನಂಬರ್ ಇಲ್ಲದೆಯೂ ನಂಬರಿನ ಕೆಲಸ ಆಯಿತಲ್ವಾ? ಬಿಸಿಲಲ್ಲಿ ಪರದೆಗೆ ಕೈ ಅಡ್ಡ ಹಿಡಿಯುವ ಗೋಳಿಲ್ಲ, ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ. ಫ್ಯಾನಿನ ಕಂಬಗಳನ್ನು ಸಾಲಾಗಿ ನಿಲ್ಲಿಸುವಷ್ಟು ಗಾಳಿ ಇರುವ ನಮ್ಮ ಗುಡ್ಡಗಳಲ್ಲಿ ಹೆಡ್‌ಫೋನ್ ಇಲ್ಲದಿದ್ದರೆ ಮಾತ್ರ ಎರಡೂ ದಂಡ. ಹೈಟೆನ್ಷನ್ ತಂತಿಯ ಕೆಳಗಂತೂ ಎರಡೂ ಸುಮ್ಮಸುಮ್ಮನೆ ಕಿರುಚುತ್ತವೆ.

ಕಿವಿಗೆ ಕೇಳಿಸಿಕೊಂಡು ಹುಡುಕುವುದು ಹಳೆಯ ಪದ್ಧತಿಯೂ ಹೌದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ, ಮೈಯೊಳಗಿನ ಗುಂಡು ಎಲ್ಲಿದೆ ಅಂತ ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ಲೇ ಇಂಥದ್ದೊಂದು ಉಪಕರಣ ಮಾಡಿಕೊಂಡು ಬಂದ. ಡಿಸ್‌ಪ್ಲೇ ಎಲ್ಲಿಂದ ಬರಬೇಕು, ಟೆಲಿಫೋನ್ ರಿಸೀವರನ್ನು ಕಿವಿಗೆ ಹಿಡಿದು ಕೇಳುವುದು. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ನಡುವೆ ಬಾಯಿ ಹಾಕಿದ್ದವಂತೆ.

ಆದರೆ ನಾನು ಡಿಸ್‌ಪ್ಲೇ ಇಲ್ಲದ್ದರ ಪರ ಇರುವುದಕ್ಕೆ ನಿಜವಾದ ಕಾರಣ ತಂತ್ರಜ್ಞಾನ ಅಲ್ಲ, ನಮ್ಮ ಜನ. ಹೊಲದಲ್ಲಿ ಒಬ್ಬ ಮಿಷನ್ ಹಿಡಿದು ಓಡಾಡಿದರೆ ಹತ್ತು ಜನ ಸೇರುತ್ತಾರೆ. ಬೋರ್‌ವೆಲ್ ಪಾಯಿಂಟ್ ನೋಡುವಾಗ ಸೇರುವುದಿಲ್ಲವೇ, ಹಾಗೆಯೇ. ಅಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವನ ಸುತ್ತ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕಾಯಿ ಎದ್ದು ನಿಂತಿತೋ ಇಲ್ಲವೋ ಅನ್ನುವುದು ಅವನೊಬ್ಬನಿಗೇ ಬಿಟ್ಟದ್ದು. ತೆಂಗಿನಕಾಯಿಗೆ ಡಿಸ್‌ಪ್ಲೇ ಇಲ್ಲ. ಇಲ್ಲಿ ಹಾಗಲ್ಲ. ಪರದೆಯಲ್ಲಿ 88 ಅಂತ ಮೂಡಿದರೆ ಸಾಕು, ಹೆಗಲ ಮೇಲಿಂದ ಇಣುಕುತ್ತಿದ್ದವನು "ಎಂಬತ್ತೆಂಟು ಬಂತು, ಬೆಳ್ಳಿ!" ಅಂತ ಕೂಗುತ್ತಾನೆ. ಅಗೆದಾಗ ಬರುವುದು ಹಳೇ ಪಂಪ್‌ಸೆಟ್ಟಿನ ತಾಮ್ರದ ತುಣುಕು. ಆದರೆ ಊರಿಗೆ ಹೋಗುವುದು 88ರ ಸುದ್ದಿ ಮಾತ್ರ. ತಾಮ್ರದ ಸುದ್ದಿ ಯಾರಿಗೂ ಬೇಡ.

ಸುದ್ದಿ ಹರಡಿದರೆ ತಮಾಷೆ ಅಲ್ಲ. ಗುಡ್ಡದ ಒಂಟಿ ಗುಡಿಗಳಲ್ಲಿ ನಿಧಿಯ ಆಸೆಗೆ ಅಗೆದ ಗುಂಡಿಗಳನ್ನು ಈ ಭಾಗದವರು ನೋಡಿದ್ದಾರೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅಲ್ಲಿ ಮಿಷನ್ನು ಹಾರೆ ಹಿಡಿದು ಹೋಗುವ ಮಾತೇ ಇಲ್ಲ. ಸ್ವಂತ ಹೊಲದಲ್ಲೇ ಏನಾದರೂ ಸಿಕ್ಕಿತು ಅನ್ನಿ, ಅದಕ್ಕೆ ಕರ್ನಾಟಕದ್ದೇ 1962ರ ನಿಧಿ ಕಾಯ್ದೆ ಇದೆ. ಭೂಮಿಯೊಳಗೆ ನಿಧಿ ಸಿಕ್ಕಿದರೆ ಡಿಸಿಗೆ ತಿಳಿಸಬೇಕು. ಬ್ರಿಟಿಷರ ಕಾಲದ 1878ರ ಕಾಯ್ದೆಯಲ್ಲಂತೂ ಹತ್ತು ರೂಪಾಯಿಗಿಂತ ಹೆಚ್ಚು ಬಾಳುವ ನಿಧಿ ಸಿಕ್ಕಿದರೇ ತಿಳಿಸಬೇಕು ಅಂತಿತ್ತು. ಹತ್ತು ರೂಪಾಯಿ! ಇವತ್ತು ಅಷ್ಟಕ್ಕೆ ಒಂದು ಪ್ಲೇಟ್ ಮಿರ್ಚಿನೂ ಬರಲ್ಲ. ಹಾಗಂತ ಕಾಯ್ದೆಯೇನೂ ಸುಮ್ನೆ ಇರುವುದಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನಮ್ಮ ಚಂದ್ರವಳ್ಳಿಯಲ್ಲಿ ಪದರ ಪದರವಾಗಿ ಅಗೆದು ನೋಡಿದ. ಅಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯ ಯಾವ ಪದರದಲ್ಲಿತ್ತು ಅನ್ನುವುದರಿಂದಲೇ ಆ ಪದರದ ಕಾಲ ಗೊತ್ತಾಗಿದ್ದು. ಅದೇ ನಾಣ್ಯವನ್ನು ಯಾರೋ ಮಿಷನ್ ಹಿಡಿದು ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ ಬರೀ ಬೆಳ್ಳಿಯ ರೇಟು ಉಳಿಯುತ್ತಿತ್ತು.

ಇಷ್ಟೆಲ್ಲ ಕೇಳಿಯೂ ಭಾಮೈದ ತಂದಿದ್ದು ಡಿಸ್‌ಪ್ಲೇ ಇರುವುದನ್ನೇ. ತಪ್ಪೆನ್ನಲು ಬರಲ್ಲ. ಡಿಸ್‌ಪ್ಲೇ ಇಲ್ಲದ ಮಿಷನ್‌ಗಳಿಗೇ ಹೆಸರಾಗಿದ್ದ ಅಮೆರಿಕದ ಟೆಸೋರೊ ಕಂಪನಿ 2018ರಲ್ಲಿ ಬಾಗಿಲು ಹಾಕಿತು. ಈಗ ಅಂಥದ್ದು ಬೇಕೆಂದರೆ ಹುಡುಕಲು ಇನ್ನೊಂದು ಡಿಟೆಕ್ಟರ್ ಬೇಕು. ಹೊಸಬರಿಗೆ ನಂಬರ್ ಧೈರ್ಯ ಕೊಡುತ್ತದೆ, ಅದೂ ನಿಜ. ಪ್ರತಿ ಸದ್ದಿಗೂ ಅಗೆಯುತ್ತಾ ಹೋದರೆ ಈರುಳ್ಳಿ ಮಡಿ ಉಳಿಯುವುದಿಲ್ಲ.

ನನ್ನ ಒಂದು ಸಲಹೆಗೆ ಮಾತ್ರ ಕಿವಿಗೊಟ್ಟ. ಜನ ಇಣುಕದ ಹಾಗೆ ಪರದೆಯ ಮೇಲೆ ಕರೀ ಇನ್ಸುಲೇಶನ್ ಟೇಪ್ ಅಂಟಿಸಿಕೊಂಡು ಹೆಡ್‌ಫೋನ್ ಹಾಕಿಕೊಂಡು ಹೊಲಕ್ಕಿಳಿದ. ಸಂಜೆ ಫೋನ್ ಬಂತು.

"ಭಾವ, ಟೇಪ್ ಕಿತ್ತಾಕಿದೀನಿ. ಏನೋ ಭಾರೀ ಸಿಕ್ಕೈತೆ, ಅದಕ್ಕೇ ಮುಚ್ಚಿಟ್ಕಂಡಾನೆ ಅಂತ ಪಕ್ಕದ ಹಳ್ಳಿಯಿಂದೆಲ್ಲ ಜನ ಬಂದವ್ರೆ. ಈಗ ಒಬ್ಬೊಬ್ಬರಿಗೂ ನಂಬರ್ ತೋರಿಸ್ತಾ ಕುಂತಿದೀನಿ."