ಮಗಳ ಜ್ವರ, ಅತ್ತೆಯ ಆಸ್ಪತ್ರೆ ಬಿಲ್ಲು

ಜನವರಿಯಲ್ಲಿ ನಮ್ಮ ನಾಲ್ಕು ವರ್ಷದ ಮಗಳಿಗೆ ಫ್ಲೂ ಬಂತು. ಸಕಲೇಶಪುರದ ಹತ್ತಿರ ನಮ್ಮದು ಮೂರು ಎಕರೆ ಅರೇಬಿಕಾ ಕಾಫಿ ತೋಟ. ಕುಯ್ಲಿನ ಕಡೇ ದಿನಗಳು. ಐದು ದಿನ ನಾನು ತೋಟಕ್ಕೆ ಇಳಿಯಲಿಲ್ಲ. ಡಾಕ್ಟರ್ ಫೀಸು, ಸಿರಪ್ಪು, ಬಸ್ ಚಾರ್ಜು ಸೇರಿ 1,900 ರೂಪಾಯಿ ಆಯಿತು. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆವು.

ಮಗಳು ಮಲಗೋದು ಅಜ್ಜಿ ಮಗ್ಗುಲಲ್ಲೇ. ಕೆಮ್ಮು ಬಂದರೆ ಅಜ್ಜಿ ಸೆರಗಿನಲ್ಲೇ ಮುಖ ಹುದುಗಿಸುತ್ತಾಳೆ. ಅವಳು ಎದ್ದು ಓಡಾಡುವ ಹೊತ್ತಿಗೆ ಅತ್ತೆ ಮಲಗಿದರು. ಮೊದಲೇ ಶುಗರ್ ಇತ್ತು. ಮೂರನೇ ದಿನ ರಾತ್ರಿ ಉಸಿರಾಡೋಕೆ ಕಷ್ಟವಾಯಿತು. ಹಾಸನಕ್ಕೆ ಕರೆದುಕೊಂಡು ಹೋದೆವು. ನ್ಯುಮೋನಿಯಾ. ಆರು ದಿನಕ್ಕೆ 41,000 ರೂಪಾಯಿ. ಯಜಮಾನರು ಆಸ್ಪತ್ರೆಯಲ್ಲಿ, ನಾನು ಮನೆಯಲ್ಲಿ. ಹಣ್ಣು ಗಿಡದಲ್ಲೇ ಒಣಗಿ ಉದುರಿತು. ಬುಡದಲ್ಲಿ ಬಿದ್ದಿದ್ದನ್ನು ಹೆಕ್ಕಿಸೋಕೆ ಮತ್ತೆ ಕೂಲಿ.

ಅತ್ತೆ ಈಗ ಹುಷಾರಾಗಿದ್ದಾರೆ. 2023ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯಲ್ಲೇ ಒಬ್ಬ ಹಿರಿಯರು ಎಚ್3ಎನ್2 ಫ್ಲೂನಿಂದ ತೀರಿಕೊಂಡಿದ್ದು ನಿಮಗೂ ನೆನಪಿರಬಹುದು. ಆ ಆರು ದಿನವೂ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು.

ಮಗಳಿಗೆ ಫ್ಲೂ ಲಸಿಕೆ ಹಾಕಿಸಿ ಅಂತ ಡಾಕ್ಟರ್ ಹಿಂದಿನ ವರ್ಷವೇ ಹೇಳಿದ್ದರು. ಡೋಸ್‌ಗೆ 1,800 ರೂಪಾಯಿ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಆಮೇಲೆ ವರ್ಷಕ್ಕೊಂದು, ವೈರಸ್ ಬದಲಾಗುತ್ತಾ ಇರುತ್ತಲ್ವಾ. ಸುಮ್ನೆ ಜಾಸ್ತಿ ಖರ್ಚು ಅಂತ ನಾವೇ ಬಿಟ್ಟೆವು.

ಲಸಿಕೆ ಹಾಕಿಸಿದರೆ ಫ್ಲೂ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ವೈರಸ್‌ಗೆ ಸರಿಯಾಗಿ ಹೊಂದಿದ ವರ್ಷದಲ್ಲೂ ಅಪಾಯ ತಗ್ಗೋದು ಶೇ. 40ರಿಂದ 60ರಷ್ಟು. ಆದರೆ ಕೆನಡಾದಲ್ಲಿ ಹಟರೈಟ್ ಅನ್ನೋ ಕ್ರೈಸ್ತ ಪಂಗಡದ ಜನರ ಊರುಗಳಲ್ಲಿ ನಡೆದ ಒಂದು ಅಧ್ಯಯನ ಓದಿ ನೋಡಿ. 2010ರಲ್ಲಿ ಪ್ರಕಟವಾಗಿದ್ದು. ಆ ಜನ ನಮ್ಮ ಲೈನ್ ಮನೆಗಳ ಹಾಗೆ ಒತ್ತೊತ್ತಾಗಿ ಇರುತ್ತಾರೆ, ಊಟವೂ ಒಟ್ಟಿಗೇ. ಕೆಲವು ಊರುಗಳಲ್ಲಿ 3ರಿಂದ 15 ವರ್ಷದ ಮಕ್ಕಳಿಗೆ ಮಾತ್ರ ಫ್ಲೂ ಲಸಿಕೆ ಹಾಕಿದರು. ಆ ಊರುಗಳಲ್ಲಿ ಲಸಿಕೆ ಹಾಕಿಸಿಕೊಳ್ಳದವರಿಗೂ ಫ್ಲೂ ಶೇ. 61ರಷ್ಟು ಕಡಿಮೆ ಬಂತು! ಅಂದರೆ ಮಗುವಿನ ತೋಳಿಗೆ ಚುಚ್ಚಿದ ಸೂಜಿ ಅಜ್ಜಿಯನ್ನೂ ಕಾಯುತ್ತದೆ.

ನಮ್ಮ ಮನೆಯ ತೊಂದರೆಯೆಲ್ಲಾ ಇಲ್ಲೇ ಇದ್ದಿದ್ದು. ಲಾಭ ಊರಿಗೆಲ್ಲಾ ಸಿಗುತ್ತೆ, ದುಡ್ಡು ಮಾತ್ರ ಅಪ್ಪ ಅಮ್ಮ ಕೊಡಬೇಕು. ನಮ್ಮಲ್ಲಿ ಹಣ್ಣು ಕುಯ್ಯೋಕೆ ಬರುವ ಅಕ್ಕನಿಗೆ ದಿನಕ್ಕೆ 500 ರೂಪಾಯಿ. ಎರಡು ಡೋಸ್ ಅಂದರೆ ಏಳು ದಿನದ ಕೂಲಿ ಕೊಟ್ಟರೂ ಸಾಲದು. ಅವರು ಹೇಗೆ ಹಾಕಿಸ್ತಾರೆ ಹೇಳಿ? ಅವರ ಮಗು, ನನ್ನ ಮಗಳು ಇಡೀ ದಿನ ಒಂದೇ ಕಣದಲ್ಲಿ ಆಡುತ್ತವೆ.

ಬ್ರಿಟನ್‌ನಲ್ಲಿ 2013ರಿಂದ ಸರ್ಕಾರವೇ ಮಕ್ಕಳಿಗೆ ಇದನ್ನು ಉಚಿತವಾಗಿ ಕೊಡುತ್ತಿದೆ, ಹೆಚ್ಚಿನವರಿಗೆ ಮೂಗಿಗೆ ಸ್ಪ್ರೇ. ನಮ್ಮಲ್ಲಿ ಮಕ್ಕಳ ತಜ್ಞರ ಸಂಘ ಆರು ತಿಂಗಳಿಂದ ಐದು ವರ್ಷದವರೆಗೆ ಪ್ರತಿ ವರ್ಷ ಹಾಕಿಸಿ ಅನ್ನುತ್ತದೆ, ಆದರೆ ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಇದು ಇಲ್ಲ. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ ನ್ಯುಮೋಕೋಕಲ್ ಲಸಿಕೆಯೂ ಒಂದು ಕಾಲಕ್ಕೆ ದುಡ್ಡಿದ್ದವರಿಗೆ ಮಾತ್ರ ಅನ್ನೋ ಹಾಗಿತ್ತು. 2021ರಿಂದ ದೇಶದ ಎಲ್ಲಾ ಕಡೆ ಉಚಿತ. ಇದನ್ನೂ ಹಾಗೇ ತರಬಹುದು. ಅಂಗನವಾಡಿ ಮಕ್ಕಳಿಂದ ಶುರು ಮಾಡಲಿ, ಮಳೆ ಹಿಡಿಯುವ ಮುಂಚೆ.

ಮಗಳಿಗೆ ಮೊದಲ ಡೋಸ್ ಆಯಿತು. ಅತ್ತೆಗೂ ಹಾಕಿಸಿದೆವು. ಈ ಬೇಡಿಕೆಯನ್ನೇ ಅರ್ಜಿ ಬರೆದು ತಾಲೂಕು ಆರೋಗ್ಯಾಧಿಕಾರಿಗಳಿಗೆ ಕೊಡುತ್ತಿದ್ದೇವೆ. ನಮ್ಮ ಕಡೆಯ ಅಮ್ಮಂದಿರು ಸಹಿ ಹಾಕೋದಾದರೆ ಭಾನುವಾರದೊಳಗೆ ತಿಳಿಸಿ, ನಾನೇ ಮನೆಗೆ ಬರುತ್ತೇನೆ.