ಜೋಳದ ಇಳುವರಿ ಜೊತೆ ರೊಟ್ಟಿ, ಕಣಿಕೆಯ ಲೆಕ್ಕವೂ ಬೇಕು

ಹತ್ತು ವರ್ಷ ಹಿಡಿಯುವ ಬೆಳೆಯ ತಳಿ ಅಭಿವೃದ್ಧಿ ಕೃತಕ ಬುದ್ಧಿಮತ್ತೆಯಿಂದ ಮೂರೇ ವರ್ಷಕ್ಕೆ ಮುಗಿಯುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಸಸಿಯ ಡಿಎನ್‌ಎ ನೋಡಿ ಯಾವುದು ಚೆನ್ನಾಗಿ ಬರಬಹುದು ಅಂತ ಕಂಪ್ಯೂಟರ್ ಮೊದಲೇ ಆರಿಸಿಕೊಟ್ಟರೆ ಕೆಲಸ ಬೇಗ ಸಾಗುತ್ತದೆ, ನಿಜ. ಆದರೆ ಆ ಅಂದಾಜು ನಿಲ್ಲುವುದು ಹೊಲದಲ್ಲಿ ಅಳೆದ ಲೆಕ್ಕದ ಮೇಲೆ, ಅಲ್ವಾ? ನೀರಾವರಿ ಹೊಲದ ಮುಂಗಾರಿ ಜೋಳದ ಅಂಕಿ ಕೊಟ್ಟು ಕಲಿಸಿದರೆ ನಮ್ಮ ವಿಜಯಪುರದ ಹಿಂಗಾರಿ ಜೋಳದ ಬಗ್ಗೆ ಅದು ಏನು ಹೇಳೀತು? ಇಲ್ಲಿ ಬಿತ್ತಿದ ಮೇಲೆ ಎರಿ (ಕಪ್ಪು) ಮಣ್ಣಲ್ಲಿ ಉಳಿದ ಹಸಿಯೇ ಬೆಳೆಗೆ ಆಧಾರ. ತೆನೆ ಕಾಳು ಕಟ್ಟುವ ಹೊತ್ತಿಗೆ ಹಸಿ ಆರಿ ನೆಲ ಬಿರಿಯುತ್ತದೆ. ಕಾಂಡ ಒಳಗೇ ಕಪ್ಪಾಗಿ ಕೊಳೆತು ಗಿಡ ಮಲಗುವುದೂ ಆಗಲೇ.

ಮಾಲದಂಡಿ ಎಂ 35-1 ಸ್ವಾತಂತ್ರ್ಯಕ್ಕೂ ಮೊದಲಿನ ಹಿಂಗಾರಿ ಜೋಳದ ತಳಿ. ಜಾಸ್ತಿ ಇಳುವರಿಯ ತಳಿಗಳು ಬಂದರೂ ನಮ್ಮವರು ಇದನ್ನು ಸುಮ್ನೆ ಹಿಡಿದುಕೊಂಡಿಲ್ಲ. ಹಿಟ್ಟಿಗೆ ಜಿಗಿ ಇದೆ, ಬಡಿಯುವಾಗ ರೊಟ್ಟಿಯ ಅಂಚು ಒಡೆಯುವುದಿಲ್ಲ. ಕಣಿಕೆಯನ್ನು, ಅಂದರೆ ಜೋಳದ ಒಣ ದಂಟನ್ನು, ದನಗಳು ಬಿಡದೆ ತಿನ್ನುತ್ತವೆ. ಎಕರೆಗೆ ಎಷ್ಟು ಕ್ವಿಂಟಲ್ ಅನ್ನುವುದರ ಜೊತೆಗೇ ಈ ಎರಡನ್ನೂ ಅಳೆದು ಕಂಪ್ಯೂಟರಿಗೆ ಕೊಡಿ. ರೊಟ್ಟಿ ಬಡಿಯುವ ಹೆಣ್ಮಕ್ಕಳನ್ನೂ ಕೂರಿಸಿಕೊಂಡು ಕೇಳಿ. ವಿಜಯಪುರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹಿಂಗಾರಿ ಜೋಳದ ಮೇಲೆ ಎಷ್ಟೋ ವರ್ಷಗಳ ಕೆಲಸ ಆಗಿದೆ, ತಳಿ ಮಾಡುವವರು ಮೊದಲು ಆ ದಾಖಲೆಗಳನ್ನು ಸೇರಿಸಿಕೊಳ್ಳಲಿ.